ಅಂಡಮಾನಿಗೆ ಮುಂಚೆ ಒಮ್ಮೆ ಇಲ್ಲಿಗೆ ಬಾ

ಚಿರಂಜೀವಿ ಪುಟ್ಟಿಗೆ,



ಜನವರಿಯಲ್ಲಿ ಅಂಡಮಾನಿಗೆ ಹೋಗುತ್ತೀಯಂತೆ, ಸ್ವರಾಜ್ ದ್ವೀಪದಲ್ಲಿ ಗಾಡಿ ಬಾಡಿಗೆಗೆ ಹಿಡಿದು ಒಬ್ಬಳೇ ಸುತ್ತುತ್ತೀಯಂತೆ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ದಿಗಿಲಿತ್ತು. ನನಗಂತೂ ಸಂತೋಷವಾಯಿತು. ಹೋಗಿ ಬಾ. ಆದರೆ ಅದಕ್ಕೆ ಮುಂಚೆ ಒಂದು ಶನಿವಾರ ಬೆಂಗಳೂರಿನಲ್ಲೇ ಬೈಕ್ ಬಾಡಿಗೆಗೆ ತೆಗೆದುಕೊಂಡು ಇಲ್ಲಿಗೆ ಬಂದು ಹೋಗು. ಪರಿಚಯವಿಲ್ಲದ ಗಾಡಿಯ ಬ್ರೇಕು, ಕ್ಲಚ್ಚು ಕೈಗೆ ಹತ್ತಲು ನೂರೈವತ್ತು ಕಿಲೋಮೀಟರ್ ಬೇಕು. ಅದು ನಮ್ಮ ರಸ್ತೆಯಲ್ಲೇ ಆಗಲಿ.

ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಇದ್ದರೆ ಮಾತ್ರ ಗಾಡಿ ತೆಗೆದುಕೋ. ಬಾಡಿಗೆಗೆ ಓಡಿಸಲು ಪರವಾನಗಿ ಇರುವ ಗಾಡಿಗೆ ಅದೇ ಗುರುತು. ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನು ಕಡಿಮೆ ಬಾಡಿಗೆಗೆ ಕೊಡುವವರಿರುತ್ತಾರೆ. ಏನಾದರೂ ಆದರೆ ವಿಮೆ ಕೈಗೆ ಬರುವುದು ಕಷ್ಟ. ಕೀ ಕೊಟ್ಟವರ ಎದುರಿಗೇ ಗಾಡಿಯ ಸುತ್ತ ಫೋಟೊ ತೆಗೆದಿಟ್ಟುಕೋ. ಟೈರಿನ ಗೆರೆ ಸವೆದಿದ್ದರೆ ಬೇರೆ ಗಾಡಿ ಕೇಳು. ದಾಕ್ಷಿಣ್ಯ ಮಾಡಿಕೊಳ್ಳಬೇಡ.

ಬರುವ ದಾರಿಯಲ್ಲಿ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಬಿ.ಎಚ್. ರಸ್ತೆ ಹಿಡಿದು ಗುಬ್ಬಿ, ನಿಟ್ಟೂರು ದಾಟಿ ಕಿಬ್ಬನಹಳ್ಳಿ ಕ್ರಾಸಿಗೆ ಬಾ. ನಮ್ಮ ಸೀಮೆಯ ದಾರಿಗಳು ಕೂಡುವುದು ಈ ಕೆ.ಬಿ. ಕ್ರಾಸಿನಲ್ಲಿ. ನೇರ ಹೋದರೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಕ್ರಾಸಿನಿಂದ ಮುಂದೆ ಹೆದ್ದಾರಿ ಬಿಟ್ಟುಬಿಡು. ನೀನು ಇದುವರೆಗೆ ತೆಂಗು ನೋಡಿರುವುದೆಲ್ಲ ಕಾರಿನ ಕಿಟಕಿಯಿಂದ. ತೋಟದ ನಡುವಿನ ದಾರಿಯಲ್ಲಿ ಮೂವತ್ತರ ವೇಗದಲ್ಲಿ ಬೈಕ್ ಬಿಟ್ಟರೆ, ಕೆರೆಯ ಹಿಂದಿನ ತೋಟ ಬಂದಾಗ ತಣ್ಣನೆಯ ಗಾಳಿ ಮೊಣಕೈಗೆ ತಾಗುತ್ತದೆ, ಮಟ್ಟೆ ಕೊಳೆತ ವಾಸನೆ ಮೂಗಿಗೆ ಬರುತ್ತದೆ, ನಾರಿನ ಕಾರ್ಖಾನೆಯ ಧೂಳು ಕಣ್ಣಿಗೆ ಬೀಳುತ್ತದೆ.

ದ್ವೀಪದ ತೆಂಗಿಗೆ ಸಮುದ್ರದ ಗಾಳಿ ಇದೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಇದೆ. ನಮ್ಮ ಊರು ಇರುವುದು ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿ. ದ್ವೀಪದ ಮಳೆಯ ಕಾಲು ಭಾಗವೂ ಇಲ್ಲಿ ಬರುವುದಿಲ್ಲ. ಇಲ್ಲಿನ ಒಂದೊಂದು ಮರವನ್ನೂ ಯಾರೋ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬದುಕಿಸಿದ್ದಾರೆ. ಕೆರೆ, ಬಾವಿ, ಆಮೇಲೆ ಕೊಳವೆಬಾವಿ, ಆಮೇಲೆ ಹೇಮಾವತಿ ನಾಲೆ ಎಂದು ನೀರಿನ ಹಿಂದೆಯೇ ನಮ್ಮ ಆಯುಸ್ಸು ಕಳೆದಿದೆ. ತೆಂಗಿನ ಮರವೆಂದರೆ ರಜೆಯ ಫೋಟೊಗೆ ಹಿನ್ನೆಲೆ ಎಂದುಕೊಂಡು ನೀನು ದ್ವೀಪಕ್ಕೆ ಹೋಗಬಾರದು ಎಂಬುದಷ್ಟೇ ನನ್ನ ಆಸೆ.

ನಮ್ಮ ಅಟ್ಟವನ್ನು ನೀನು ಏರಿಯೇ ಇಲ್ಲ. ಈ ಸಲ ಏರಬೇಕು. ಕರಾವಳಿಯಲ್ಲೂ ದ್ವೀಪಗಳಲ್ಲೂ ಗಾಳಿಯಲ್ಲಿ ತೇವ ಹೆಚ್ಚು. ಕಾಯನ್ನು ಎರಡು ಹೋಳು ಮಾಡಿ ಬಿಸಿಲಿಗೋ ಹೊಗೆಗೋ ಇಟ್ಟು ಒಣಗಿಸುತ್ತಾರೆ, ಅದು ಎಣ್ಣೆಗೆ ಹೋಗುತ್ತದೆ. ನಮ್ಮದು ಒಣ ಹವೆ. ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ಹನ್ನೊಂದು ತಿಂಗಳೋ ಸುಮ್ಮನೆ ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಲೊಟಲೊಟ ಸದ್ದು, ಆಗ ಇಳಿಸಬೇಕು. ಸುಲಿದ ಮೇಲೆ ಚಿಪ್ಪು ಬಿಡಿಸುವವರು ಹೆಂಗಸರು. ಒಂದು ಏಟು ಜೋರಾಗಿ ಬಿದ್ದರೆ ಉಂಡೆ ಸೀಳುತ್ತದೆ, ಬೆಲೆ ಬೀಳುತ್ತದೆ. ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂತು ಆ ಕೈ ನೋಡು ಮಗಳೇ. ಈ ಉಂಡೆ ಕೊಬ್ಬರಿಯೇ ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗಿ ದೆಹಲಿ, ರಾಜಸ್ಥಾನದ ಕಡೆ ಹೋಗಿ ಅಲ್ಲಿನವರ ಹಬ್ಬ, ಮದುವೆಗಳಿಗೆ ಒದಗುತ್ತದೆ. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಕೇಳುತ್ತಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಅಷ್ಟು ಹೊತ್ತಿಗೆ ಎಷ್ಟೋ ಜನರ ಅಟ್ಟ ಖಾಲಿ. ನುಸಿ, ಬಿಳಿನೊಣ, ಕಪ್ಪುತಲೆ ಹುಳು ಬಿದ್ದು ಮರಗಳೂ ಸೊರಗಿದ್ದವು.

ದ್ವೀಪದ ಕೊಬ್ಬರಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನವರು ಹಾಯಿ ಹಡಗಿನಲ್ಲಿ ಕೊಬ್ಬರಿ ತಂದು ಮಂಗಳೂರಿನಲ್ಲಿ ಮಾರಿ ಅಕ್ಕಿ ಒಯ್ಯುತ್ತಿದ್ದರು. ಅಂಡಮಾನಿನಲ್ಲಿ ಗಾಡಿ ನಿಲ್ಲಿಸಿದಾಗ ತೋಟದವರನ್ನು ಮಾತಾಡಿಸು. ಮರ ಯಾರು ಹತ್ತುತ್ತಾರೆ, ಕಾಯಿಗೆ ಎಷ್ಟು ಸಿಗುತ್ತದೆ ಎಂದು ಕೇಳಿಕೊಂಡು ಬಂದು ನನಗೆ ಹೇಳು.

ನಮ್ಮ ಕಡೆ ಸುತ್ತುವುದಕ್ಕೆ ಜಾಗ ಬೇಕಾದಷ್ಟಿದೆ. ಅರಳಗುಪ್ಪೆಯನ್ನು ಮಾತ್ರ ಬಿಡಬೇಡ. ಕಲ್ಲೇಶ್ವರ ಗುಡಿಯ ಒಳಗೆ ತಲೆ ಎತ್ತಿ ನೋಡು: ಸೂರಿನ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ದೇವತೆಗಳು. ಸಾವಿರ ವರ್ಷಕ್ಕೂ ಹಿಂದಿನ ಕೆಲಸ. ಹೊಯ್ಸಳರ ಚೆನ್ನಕೇಶವ ಗುಡಿಯೂ ಆ ಊರಲ್ಲೇ ಇದೆ. ತುರುವೇಕೆರೆಯಲ್ಲಿ ಗಂಗಾಧರೇಶ್ವರನ ಎದುರಿಗಿರುವ ಕರಿಕಲ್ಲಿನ ಬಸವನ ಮೈ ಇಂದಿಗೂ ಹೊಳೆಯುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಊರು, ಪಕ್ಕದ ಶೆಟ್ಟಿಕೆರೆಯಲ್ಲಿ ಯೋಗಮಾಧವನ ಗುಡಿ. ಆ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ರಸ್ತೆ ಬದಿಯ ಗರಿಗಳೆಲ್ಲ ಕೆಂಪಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು.

ಈಗ ರಾಗಿ ಕೊಯ್ಲಿನ ಕಾಲ. ಒಳದಾರಿಯಲ್ಲಿ ಒಕ್ಕಣೆಗೆಂದು ರಾಗಿ, ಹುರುಳಿ ಹುಲ್ಲನ್ನು ಟಾರಿನ ಮೇಲೆಯೇ ಹಾಸಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಂಡೀತು. ಇಳಿದು, ಪಕ್ಕದಲ್ಲಿ ತಳ್ಳಿಕೊಂಡು ಹೋಗು. ಕಾಯಿ ಇರುವ ಮರದ ಕೆಳಗೆ ಗಾಡಿ ನಿಲ್ಲಿಸಬೇಡ, ನೀನೂ ನಿಲ್ಲಬೇಡ. ಬಣ್ಣ ಬಳಿಯದ ಹಂಪುಗಳಿವೆ, ಹಿಂದೆ ದೀಪವಿಲ್ಲದ ಟ್ರಾಕ್ಟರುಗಳಿವೆ; ಕತ್ತಲಾದ ಮೇಲೆ ಓಡಿಸುವುದೇ ಬೇಡ. ಹೆಲ್ಮೆಟ್ ತೋಟದ ದಾರಿಯಲ್ಲೂ ತಲೆಯ ಮೇಲಿರಲಿ.

ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ಹೊರಟರೆ ಬೆಳಕಿರುವಾಗಲೇ ತುಮಕೂರು ದಾಟುತ್ತೀಯೆ. ಯಾವ ಶನಿವಾರ ಬರುತ್ತೀಯೆಂದು ನಾಲ್ಕು ದಿನ ಮುಂಚೆ ತಿಳಿಸು. ಕಾಯಿ ಕೆಡವುವವರನ್ನು, ಚಿಪ್ಪು ಬಿಡಿಸುವವರನ್ನು ಆ ದಿನಕ್ಕೇ ಹೇಳಿರುತ್ತೇನೆ. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ತಾತ