ಮಾತು ಬಾರದ ಮಗುವಿನ ಪರವಾಗಿ

ಮಾತು ಬಾರದ ಹಸುಗೂಸಿನ ಮೇಲೆ ಹೊಸ ಲಸಿಕೆಯನ್ನು ಪರೀಕ್ಷಿಸುವುದು ನ್ಯಾಯವೇ? ಉತ್ತರಿಸುವ ಮುನ್ನ ಒಂದು ನಿದರ್ಶನ ನೋಡೋಣ.

ನಾಯಿಕೆಮ್ಮಿನ ಹಳೆಯ ಲಸಿಕೆಯ ಬಗ್ಗೆ ಸಂಶಯ ಹುಟ್ಟಿದ್ದರಿಂದ ಸ್ವೀಡನ್ ದೇಶ 1979ರಲ್ಲಿ ಅದನ್ನು ನಿಲ್ಲಿಸಿತು. ರೋಗ ಮತ್ತೆ ಹರಡಿತು. 1992ರಲ್ಲಿ ಅಲ್ಲಿ ಪರೀಕ್ಷೆಯೊಂದು ಆರಂಭವಾಯಿತು. ಹೆತ್ತವರ ಒಪ್ಪಿಗೆ ಪಡೆದು, 9,829 ಶಿಶುಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಎರಡು ಗುಂಪಿಗೆ ಹೊಸ ಬಗೆಯ ಲಸಿಕೆಗಳು, ಒಂದಕ್ಕೆ ಹಳೆಯ ಬಗೆಯದು. ನಾಲ್ಕನೆಯದಕ್ಕೆ ಗಂಟಲಮಾರಿ, ಧನುರ್ವಾಯು ಲಸಿಕೆ ಮಾತ್ರ; ನಾಯಿಕೆಮ್ಮಿಗೆ ಏನೂ ಇಲ್ಲ.

ಈ ಕೊನೆಯ ಗುಂಪಿಗೆ ಅನ್ಯಾಯವಾಯಿತೇ? ಅಂದು ಆ ದೇಶದ ಮಕ್ಕಳಿಗೆ ನಾಯಿಕೆಮ್ಮಿನ ಲಸಿಕೆ ವಾಡಿಕೆಯಲ್ಲಿ ಇರಲಿಲ್ಲ. ಇದ್ದುದನ್ನು ಯಾರೂ ಕಸಿಯಲಿಲ್ಲ. ಒಳ್ಳೆಯ ಲಸಿಕೆ ಎಲ್ಲರಿಗೂ ದೊರೆಯುತ್ತಿರುವಲ್ಲಿ ಹಾಗೆ ಮಾಡಿದರೆ ಅದು ಪಾಪವೇ ಸರಿ. ದೇವರು ಕೊಟ್ಟ ಮಗು ಎಂದಿಗೂ ಬರಿಯ ಸಾಧನವಲ್ಲ.

ಫಲವೇನು? ಐದು ಘಟಕಗಳ ಹೊಸ ಲಸಿಕೆ ಶೇಕಡಾ 85ರಷ್ಟು ರಕ್ಷಣೆ ನೀಡಿತು; ಅಲ್ಲಿ ಬಳಸಿದ ಹಳೆಯ ಬಗೆಯದು ಶೇಕಡಾ 48ರಷ್ಟು ಮಾತ್ರ. ಹಳೆಯ ಬಗೆಯವೆಲ್ಲ ಹಾಗಲ್ಲವೆಂದು ಬೇರೆ ಪರೀಕ್ಷೆಗಳು ತೋರಿಸಿವೆ. 1996ರಲ್ಲಿ ಸ್ವೀಡನ್‌ನ ಮಕ್ಕಳಿಗೆ ಮತ್ತೆ ಲಸಿಕೆ ದೊರೆಯಿತು.

ನಿಮ್ಮ ಮಗುವಿಗೆ 6, 10, 14ನೆಯ ವಾರಗಳಲ್ಲಿ ತಪ್ಪದೆ ಚುಚ್ಚುಮದ್ದು ಹಾಕಿಸಿರಿ. ಇಂಥ ಪರೀಕ್ಷೆಗಳಿಗೆ ಒಪ್ಪಿದ ಹೆತ್ತವರನ್ನು ಅಂದಿನ ಪ್ರಾರ್ಥನೆಯಲ್ಲಿ ನೆನೆಯಿರಿ.