ತಾತನ ಕ್ಲಚ್ ಪೆನ್ಸಿಲ್ ಬಿಚ್ಚಿ ಕಲಿತದ್ದು

ಫಸ್ಟ್ ಇಯರ್ ಗ್ರಾಫಿಕ್ಸ್ ಕ್ಲಾಸಲ್ಲಿ 0.5 ಪೆನ್ ಪೆನ್ಸಿಲನ್ನ ಟಕ್ ಟಕ್ ಅನ್ನಿಸದವರು ಯಾರಿದ್ದಾರೆ? ಆದ್ರೆ ಅದರೊಳಗೆ ಏನಿದೆ ಅಂತ ಬಿಚ್ಚಿ ನೋಡಿದವರು ಕಮ್ಮಿ. ನಾವೂ ನೋಡಿರಲಿಲ್ಲ. ನಾವು ಅಂದ್ರೆ ನಾನು ಮತ್ತು ಪಿಯುಸಿ ಓದ್ತಿರೋ ತಂಗಿ.

ದಸರಾ ರಜೆಯಲ್ಲಿ ತಾತನ ಹಳೇ ತಗಡಿನ ಡಬ್ಬಿ ಸಿಕ್ಕಿತು. ತಾತ ಡ್ರಾಫ್ಟ್ಸ್‌ಮನ್ ಆಗಿದ್ದವರು. ಡಬ್ಬಿಯಲ್ಲಿ 2 ಮಿ.ಮೀ. ಸೀಸದ ಕ್ಲಚ್ ಪೆನ್ಸಿಲ್ ಇತ್ತು, ಒತ್ತಿದರೆ ಅಲುಗಾಡ್ತಿರಲಿಲ್ಲ. "ಅದು ಹೋಯ್ತು, ಬಿಸಾಕ್ರೋ" ಅಂದ್ರು ತಾತ.

ನಾವು ಬಿಸಾಕಲಿಲ್ಲ, ಇಕ್ಕಳ ಹಾಕಿ ತಿರುಗಿಸಿದೆವು. ಮೈಮೇಲೆ ಗೀರು ಬಿತ್ತು. ತಾತ ಬೈಯಲಿಲ್ಲ, ಪೆನ್ಸಿಲ್ ಇಸ್ಕೊಂಡು ಬೆರಳಲ್ಲೇ ಮೆಲ್ಲಗೆ ತುದಿ ಬಿಚ್ಚಿದರು.

ಒಳಗಿದ್ದದ್ದು ಇಷ್ಟೇ: ಒಂದು ಲೋಹದ ಕೊಳವೆ, ಅದರ ತುದಿ ಸೀಳಿ ಮಾಡಿದ ಮೂರು ದವಡೆ, ಒಂದು ಸ್ಪ್ರಿಂಗ್. ಸ್ಪ್ರಿಂಗ್ ದವಡೆಗಳನ್ನ ಹಿಂದಕ್ಕೆ ಎಳೆಯುತ್ತೆ. ಮುಂಭಾಗದ ಕಿರಿದಾದ ಬಾಯಿ ಅವನ್ನ ಅಮುಕುತ್ತೆ, ಸೀಸ ಬಿಗಿಯಾಗುತ್ತೆ. ಹಿಂದಿನ ಗುಂಡಿ ಒತ್ತಿದರೆ ದವಡೆ ಮುಂದೆ ಬಂದು ಅರಳಿ, ಸೀಸ ಜಾರುತ್ತೆ. ವರ್ಕ್‌ಶಾಪಲ್ಲಿ ಲೇತ್‌ನ ಕಾಲೆಟ್ ಕೆಲಸವನ್ನ ಹಿಡಿಯೋದೂ ಇದೇ ಉಪಾಯದಿಂದ. ಇನ್ನೊಂದು ಜಾಣತನ: ಬರೆಯುವಾಗ ಬೀಳೋ ಒತ್ತಡ ಸೀಸವನ್ನ ಹಿಂದಕ್ಕೆ ತಳ್ಳುತ್ತೆ, ಅದರ ಜೊತೆ ದವಡೆ ಇನ್ನೂ ಬಿಗಿಯಾಗುತ್ತೆ.

ದವಡೆ ಮಧ್ಯೆ ಹಳೇ ಗ್ರಾಫೈಟ್ ಪುಡಿ ಗಟ್ಟಿಯಾಗಿ ಕೂತಿತ್ತು. ಒಣ ಟೂತ್‌ಬ್ರಶ್‌ನಲ್ಲಿ ಉಜ್ಜಿದೆವು. ಎಣ್ಣೆ ಹಾಕೋಕೆ ಹೋದಾಗ ತಾತ ತಡೆದರು. ಎಣ್ಣೆ ತಾಗಿದರೆ ಸೀಸ ಜಾರುತ್ತಂತೆ.

ಈ ವಸ್ತುವಿನ ಚರಿತ್ರೆ ದೊಡ್ಡದು. 1822ರಲ್ಲಿ ಇಂಗ್ಲೆಂಡಿನ ಸ್ಯಾಂಪ್ಸನ್ ಮೋರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ ಇಂಥ ಪೆನ್ಸಿಲಿಗೆ ಪೇಟೆಂಟ್ ಪಡೆದರು. 1915ರಲ್ಲಿ ಜಪಾನಿನ ತೊಕುಜಿ ಹಾಯಕಾವಾ ಲೋಹದ ಪೆನ್ಸಿಲ್ ಮಾಡಿದರು. 1923ರ ಭೂಕಂಪದಲ್ಲಿ ಅವರು ಹೆಂಡತಿ ಮಕ್ಕಳನ್ನೂ ಕಾರ್ಖಾನೆಯನ್ನೂ ಕಳೆದುಕೊಂಡರು. ಒಸಾಕಾಗೆ ಹೋಗಿ ಮತ್ತೆ ಶುರು ಮಾಡಿ ರೇಡಿಯೋ ಕಟ್ಟಿದರು. ಇವತ್ತಿನ ಶಾರ್ಪ್ ಕಂಪನಿಯ ಹೆಸರು ಬಂದಿದ್ದು ಆ ಪೆನ್ಸಿಲಿಂದಲೇ.

ಈಗ ನಮ್ಮ ಹತ್ರ ಐದು ಪೆನ್ಸಿಲ್ ಇವೆ. ನೀವೂ ಶುರು ಮಾಡೋದಾದ್ರೆ:

1. ಅಂಗಡಿಗಿಂತ ಮೊದಲು ಮನೆಯಲ್ಲಿ ಕೇಳಿ. ತಾತ, ದೊಡ್ಡಪ್ಪ, ಅತ್ತೆ, ಯಾರ ಡಬ್ಬಿಯಲ್ಲಿ ಏನಿದೆಯೋ!
2. ಸೀಸದ ಅಳತೆ ಖಚಿತ ಮಾಡ್ಕೊಳ್ಳಿ. 0.5ರ ಸೀಸ 0.9ರಲ್ಲಿ ನಿಲ್ಲಲ್ಲ.
3. ಬಿಗಿಯಾಗಿದ್ರೆ ಬಲ ಹಾಕಬೇಡಿ. ನಮ್ಮ ಗೀರು ನೆನಪಿಟ್ಕೊಳ್ಳಿ.
4. ಯಾರದ್ದು, ಏನು ಬರೆದದ್ದು ಅಂತ ಚೀಟಿ ಬರೆದಿಡಿ. ಚೀಟಿ ಇಲ್ಲದಿದ್ರೆ ಅದು ಬರೀ ಹಳೇ ಪೆನ್ಸಿಲ್.

ಪೆನ್ಸಿಲ್ ರೆಡಿಯಾದ ದಿನ ತಾತ ತಂಗಿಯ ಶೀಟ್ ಮೇಲೆ ಅವಳ ಹೆಸರು ಬರೆದರು. ಕೈ ನಡುಗುತ್ತೆ ಅಂತ ಎಷ್ಟೋ ವರ್ಷದಿಂದ ಬರೆಯೋದನ್ನೇ ಬಿಟ್ಟಿದ್ದರು. ಅಕ್ಷರ ಸ್ವಲ್ಪ ಸೊಟ್ಟಗಾಯ್ತು, ಎತ್ತರ ಮಾತ್ರ ಎಲ್ಲದಕ್ಕೂ ಒಂದೇ. "ಶೋಕೇಸಲ್ಲಿ ಇಡಬೇಡಿ, ಬರೀರಿ" ಅಂದು ಡಬ್ಬಿ ನಮ್ಮ ಕೈಗಿತ್ತರು. ನಮ್ಮ ಮೊದಲ ಚೀಟಿಯಲ್ಲಿ ಇರೋದು ಆ ಮಾತೇ.