ಕೋರ್ಸಿಗೆ ಮೊದಲು ಕೆಲಸ ನೋಡಿ

ವಿಜ್ಞಾನ ಪಿಯುಸಿ ಮುಗಿಸಿ, ಎಂಬಿಬಿಎಸ್ ಸೀಟು ಕೈತಪ್ಪಿದಾಗ ‘ಯಾವುದಾದರೂ ಪ್ಯಾರಾಮೆಡಿಕಲ್ ಸೇರಿಕೋ’ ಎನ್ನುವವರು ಬಹಳ. ಆ ‘ಯಾವುದಾದರೂ’ ಬೇಡ. ಪ್ಯಾರಾಮೆಡಿಕಲ್ ಅಥವಾ ಅಲೈಡ್ ಹೆಲ್ತ್ ಸೈನ್ಸಸ್ ಎಂದರೆ ಒಂದೇ ಕೋರ್ಸಲ್ಲ. ಲ್ಯಾಬ್ ಟೆಕ್ನಾಲಜಿ, ಇಮೇಜಿಂಗ್, ಡಯಾಲಿಸಿಸ್, ಅನಸ್ತೇಷಿಯಾ, ಆಪ್ಟೊಮೆಟ್ರಿ ಎಲ್ಲವೂ ಅದರೊಳಗೇ ಬರುತ್ತವೆ. ಒಂದೊಂದರ ದಿನಚರಿಯೂ ಬೇರೆ.

ಡಯಾಲಿಸಿಸ್ ಘಟಕವನ್ನೇ ನೋಡಿ. ರೋಗಿ ವಾರಕ್ಕೆ ಎರಡು–ಮೂರು ಬಾರಿ ಬಂದು ಸುಮಾರು 4 ತಾಸು ಯಂತ್ರದ ಪಕ್ಕ ಮಲಗುತ್ತಾರೆ. ಕೈಯ ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳಕ್ಕೆ) ಸೂಜಿ ಹಾಕುವುದು, ನಡುವೆ ಬಿಪಿ ಇಳಿಯಿತೇ ಎಂದು ಕಣ್ಣಿಡುವುದು ಟೆಕ್ನಾಲಜಿಸ್ಟ್ ಹೊಣೆ. ಜನರೊಡನೆ ಬೆರೆಯುವವರಿಗೆ ಇದು ಒಗ್ಗುತ್ತದೆ. ಮಾತು ಕಡಿಮೆ ಇರುವವರಿಗೆ ಲ್ಯಾಬ್ ಹಿಡಿಸಬಹುದು. ಹತ್ತಿರದ ಆಸ್ಪತ್ರೆಯಲ್ಲಿ ಈ ಕೆಲಸಗಳನ್ನು ಮಾಡುವವರನ್ನು ಮಾತನಾಡಿಸಿ. ರಾತ್ರಿ ಪಾಳಿ, ಸಂಬಳ ಎರಡನ್ನೂ ಕೇಳಿ.

ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆ ಎಂದರೆ, ನೀವು ಸೇರುವ ಕೋರ್ಸಿಗೇ ಇದೆಯೇ ಎಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. ಸ್ವಂತ ಆಸ್ಪತ್ರೆ ಇದೆಯೇ? ಇಲ್ಲದಿದ್ದರೆ ವಿದ್ಯಾರ್ಥಿಗಳು ಕಲಿಯಲು ಹೋಗುವುದೆಲ್ಲಿಗೆ? ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ, ನಿಜ ಹೇಳುತ್ತಾರೆ.

ಖರ್ಚಿನ ಲೆಕ್ಕಕ್ಕೆ ಇಂಟರ್ನ್‌ಶಿಪ್ ಅವಧಿಯನ್ನೂ ಸೇರಿಸಿ. ಆಗ ಸ್ಟೈಪೆಂಡ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಈ ವೃತ್ತಿಗಳ ಶಿಕ್ಷಣ ಮಟ್ಟ ಮತ್ತು ನೋಂದಣಿಗಾಗಿ 2021ರಲ್ಲಿ ರಾಷ್ಟ್ರಮಟ್ಟದ ಕಾಯ್ದೆ ಬಂದಿದೆ. ಹಾಗಾಗಿ ಮಾನ್ಯತೆಯ ದಾಖಲೆಯನ್ನು ಕಣ್ಣಾರೆ ನೋಡದೆ ಶುಲ್ಕ ಕಟ್ಟಬೇಡಿ.